ಮೂರೂವರೆ ಅವರೆಕಾಳು

ಮಗಳು ಹುಟ್ಟಿದ್ದು ಜುಲೈನಲ್ಲಿ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುತ್ತದೆ ನಮ್ಮ ರಾಜ್ಯದ ನಿಯಮ. ಎಲ್‌ಕೆಜಿ ಮುಗಿದಾಗ ಲೆಕ್ಕ ಹಾಕಿ ನೋಡಿದರೆ, ಯುಕೆಜಿ ಮುಗಿಯುವ ಹೊತ್ತಿಗೂ ಕೆಲವೇ ವಾರ ಕಡಿಮೆ ಬೀಳುತ್ತಿತ್ತು. ಫೀಸು ಕಟ್ಟಿ ಅದೇ ತರಗತಿಯಲ್ಲಿ ಎರಡು ವರ್ಷ ಕೂರಿಸುವ ಬದಲು ಈ ವರ್ಷ ಮನೆಯಲ್ಲೇ ಕಲಿಸೋಣ ಅಂದುಕೊಂಡೆವು. ಕಡ್ಡಾಯ ಶಿಕ್ಷಣದ ಕಾಯ್ದೆ ಹಿಡಿಯುವುದೂ 6 ತುಂಬಿದ ಮೇಲೇ. ‘ಕಲಿಸೋಣ’ ಎಂಬ ಬಹುವಚನ ಮಾತಿಗಷ್ಟೇ. ಗಂಡ ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೊರಟುಬಿಡುತ್ತಾರೆ.

ಆ ಮಂಗಳವಾರದ ಪಾಠವನ್ನು ಹಿಂದಿನ ರಾತ್ರಿಯೇ ಸಿದ್ಧ ಮಾಡಿದ್ದೆ. ಹಾರ್ಡ್‌ವೇರ್ ಅಂಗಡಿಯಿಂದ ಉಪ್ಪುಕಾಗದ ತಂದು ರ, ಗ, ಸ, ದ, ಅ ಕತ್ತರಿಸಿ ರಟ್ಟಿಗೆ ಅಂಟಿಸಿದ್ದೆ. (ಕತ್ತರಿ ಮೊಂಡಾಯಿತು. ಬ್ಲೌಸ್ ಬಟ್ಟೆಯ ಕತ್ತರಿ ಅದು, ಅತ್ತೆಗೆ ಇನ್ನೂ ಹೇಳಿಲ್ಲ.) ಅಕ್ಷರಗಳ ಈ ಸಾಲು ನನ್ನದಲ್ಲ, ಸರ್ಕಾರಿ ಶಾಲೆಗಳ ನಲಿ-ಕಲಿಯದು. 1995ರಲ್ಲಿ ಹೆಗ್ಗಡದೇವನಕೋಟೆಯ ಕಡೆ ಶುರುವಾದ ಪದ್ಧತಿ. ಅಆಇಈ ಎಂದು ಹೊರಟರೆ ಮಗುವಿಗೆ ಒಂದು ಪದ ಓದಲು ಸಿಗುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತವೆ. ಈ ಐದು ಬಂದರೆ ಸಾಕು, ಸರ, ಅರಸ, ಅಗಸ, ದಸರ, ಗರಗಸ ಎಲ್ಲ ಕೈಗೆ ಬರುತ್ತವೆ. ಒತ್ತಿಲ್ಲ, ಕೊಂಬಿಲ್ಲ, ದೀರ್ಘವಿಲ್ಲ.

ಮಗಳು ‘ಗ’ದ ಮೇಲೆ ಬೆರಳಾಡಿಸಿ, “ಬೆಕ್ಕು ನೆಕ್ಕಿದ ಹಾಗಿದೆ” ಅಂದಳು. ಆಮೇಲೆ ಐದೂ ರಟ್ಟುಗಳನ್ನು ಕೆನ್ನೆಗೆ ಉಜ್ಜಿಕೊಂಡು ನೋಡಿದಳು. ಅಷ್ಟಕ್ಕೇ ಮುಗಿಯಿತು. ತಟ್ಟೆಯಲ್ಲಿ ರಾಗಿ ಹರಡಿ “ತಿದ್ದು” ಅಂದೆ. ತಿದ್ದುವ ಬದಲು ಹೊಲ ಉತ್ತಳು. ಹತ್ತೂವರೆಗೆ ನನ್ನ ವೇಳಾಪಟ್ಟಿಯ ಪ್ರಕಾರ ನಾವು ‘ಸ’ದಲ್ಲಿರಬೇಕಿತ್ತು. ನಾನು ನೆಲದ ಮೇಲಿನ ರಾಗಿ ಗುಡಿಸುತ್ತಿದ್ದೆ.

ಅತ್ತೆ ಮಾಗಡಿಯಿಂದ ಬಂದಿದ್ದ ಅವರೆಕಾಯಿಯ ಚೀಲವನ್ನು ನಡುಮನೆಗೆ ತಂದು ಸುರಿದಾಗ, ನಿಜ ಹೇಳಬೇಕೆಂದರೆ, ನನಗೆ ಸಿಟ್ಟೇ ಬಂತು. ಮನೆಯೆಲ್ಲ ಸೊಗಡು. ಮಗಳು ರಟ್ಟುಗಳನ್ನು ಬಿಟ್ಟು ಎದ್ದೇಬಿಟ್ಟಳು.

ಸರಿ, ಲೆಕ್ಕವಾದರೂ ಆಗಲಿ ಎಂದು ಮೂರು ಬಟ್ಟಲಿಟ್ಟೆ. ಎರಡು ಕಾಳಿನ ಕಾಯಿಯ ಸಿಪ್ಪೆ ಒಂದರಲ್ಲಿ, ಮೂರರದು ಇನ್ನೊಂದರಲ್ಲಿ, ನಾಲ್ಕರದು ಮತ್ತೊಂದರಲ್ಲಿ. ಆಟ ಚೆನ್ನಾಗಿಯೇ ನಡೆಯಿತು, ಒಂದು ಕಾಯಿಯಲ್ಲಿ ಹಸಿರು ಹುಳ ಸಿಗುವವರೆಗೆ. ಅವಳು ಕಿರುಚಲಿಲ್ಲ. ನಾನು ಕಿರುಚಿದೆ.

“ಅಮ್ಮಾ, ನಾಲ್ಕಿತ್ತು. ಹುಳ ಒಂದರಲ್ಲಿ ಅರ್ಧ ತಿಂದಿದೆ. ಈಗ ಎಷ್ಟು?”

ಕಳೆಯುವ ಲೆಕ್ಕವನ್ನು ಜನವರಿಗೆ ಎಂದು ಬರೆದಿಟ್ಟುಕೊಂಡಿದ್ದೆ. ಅರ್ಧದ ಯೋಚನೆಯೇ ಇರಲಿಲ್ಲ. “ಮೂರೂವರೆ” ಅಂದೆ.

“ಮೂರೂವರೆಗೆ ಬಟ್ಟಲೆಲ್ಲಿ?”

ಅಡುಗೆಮನೆಯಿಂದ ನಾಲ್ಕನೇ ಬಟ್ಟಲು ತರಬೇಕಾಯಿತು. ಅಲ್ಲಿಂದ ಮಧ್ಯಾಹ್ನದವರೆಗೂ ಅವಳು ಮಾಡಿದ್ದು ಅದೊಂದೇ, ಹುಳ ಹೊಕ್ಕ ಕಾಯಿಯನ್ನು ಹುಡುಕುವುದು. ಬಿಡಿಸುವ ಮೊದಲೇ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದಕ್ಕೆ ಸಿಪ್ಪೆಯ ಮೇಲಿನ ಸಾಸಿವೆಯಷ್ಟು ತೂತು ತೋರಿಸಿದಳು. ಇಷ್ಟು ವರ್ಷ ಅವರೆಕಾಯಿ ಬಿಡಿಸಿದ್ದೇನೆ, ಆ ತೂತನ್ನು ನಿಂತು ನೋಡಿದವಳಲ್ಲ. ಆಮೇಲಾಮೇಲೆ ಅವಳು ಅಜ್ಜಿಯ ಪಕ್ಕಕ್ಕೇ ಜರುಗಿ ಕೂತು, ಅಜ್ಜಿ ಬಿಡಿಸಿ ಹಾಕಿದ ಕಾಳನ್ನು ಮತ್ತೆ ಕೆದಕತೊಡಗಿದಳು. “ಅಜ್ಜಿ ಬಟ್ಟಲಿಗೆ ಕೈ ಹಾಕಬೇಡ, ನಿನ್ನದು ನೀನು ಮಾಡು” ಅಂತ ಗದರಿದೆ.

ಸಂಜೆ, ನೆನೆದ ಕಾಳು ಹಿತುಕುವ ಕೆಲಸ. ಹೆಬ್ಬೆರಳು ತೋರುಬೆರಳ ನಡುವೆ ಕಾಳಿಟ್ಟು ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪಾತ್ರೆಯಲ್ಲಿ. ಪೆನ್ಸಿಲ್ ಹಿಡಿಯಲು ಬೇಕಾದ ಬಲವೂ ಅದೇ ಬೆರಳುಗಳದ್ದು ಎಂದು ಸಮಾಧಾನ ಮಾಡಿಕೊಂಡೆ. ಮೊದಲ ಬೇಳೆ ಸೀದಾ ಟಿವಿಗೆ ಹಾರಿತು. ಎರಡನೆಯದು ಅತ್ತೆಯ ಕನ್ನಡಕಕ್ಕೆ. ಗುರಿಯಿಟ್ಟು ಹೊಡೆಯುವುದು ಎಷ್ಟು ಬೇಗ ಬಂತೆಂದರೆ, ಆಮೇಲೆ ಪಾತ್ರೆಗೆ ಬಿದ್ದದ್ದು ಕಡಿಮೆ.

“ಇದಕ್ಕೆ ಸ್ಕೂಲು ಅಂತ ಹೆಸರು ಬೇರೆ,” ಅಂದರು ಅತ್ತೆ. “ನಮ್ಮಪ್ಪ ಮರಳಲ್ಲಿ ಅಕ್ಷರ ತಿದ್ದಿದೋರು. ನನಗೆ ಅದೂ ಇಲ್ಲ, ಇದೇ ಕೆಲಸ.”

ರಾತ್ರಿ ಹಿತಕಿದಬೇಳೆ ಸಾರು, ಮುದ್ದೆ. ‘ಇಂದು ಕಲಿತದ್ದು’ ಎಂದು ನಾನು ದಿನವೂ ಬರೆಯುವ ಪುಸ್ತಕದಲ್ಲಿ ‘ಸ’ ಮತ್ತು ‘ದ’ದ ಮುಂದೆ ಖಾಲಿ ಇತ್ತು. ಗಂಡ ಊಟಕ್ಕೆ ಕೂತವರು ಎಂದಿನಂತೆ ಕೇಳಿದರು: “ಇವತ್ತೇನು ಕಲಿತೆ ಪುಟ್ಟಾ?”

ಅವಳು ಮುದ್ದೆ ಮುರಿಯುತ್ತಾ, “ಅಜ್ಜಿಗೆ ಹುಳ ಕಾಣಲ್ಲ,” ಅಂದಳು. “ಒಂಬತ್ತು ಹುಳದ ಕಾಳು ಹಾಕಿದ್ರು. ನಾನು ಸುಮ್ಮನೆ ತೆಗೆದಿಟ್ಟೆ.”

ಸೌಟು ಹಿಡಿದಿದ್ದ ಅತ್ತೆ ಹಾಗೇ ನಿಂತರು. ನಾನು ತಟ್ಟೆ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಮಗನ ತಟ್ಟೆಗೆ ಸಾರು ಬಡಿಸುತ್ತಾ, “ಎಡಗಣ್ಣು, ದಸರಾದಿಂದ ಮಂಜು ಮಂಜು,” ಅಂದರು. “ಶನಿವಾರ ರಜ ಐತೇನಪ್ಪ ನಿನಗೆ?”