ಗುಹೆಯ ಸೊಳ್ಳೆಪರದೆ, ಮೈದಾನದ ಡಾಲರ್ ನೋಟು

ಅಮೆರಿಕದ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿಗೆ ನಾವು ಬಂದು ಹನ್ನೊಂದು ವರ್ಷಗಳಾದವು. ಕಚೇರಿ, ಮಕ್ಕಳ ಶಾಲೆ, ದೇವಸ್ಥಾನ ಮತ್ತು ರಾಜ್ಯೋತ್ಸವದ ಊಟ, ಇಷ್ಟರೊಳಗೇ ಓಡಾಡಿಕೊಂಡಿದ್ದ ನನಗೆ ಈ ನೆಲದ ಒಳಗಿನ ಬದುಕು ಬಹುಕಾಲ ತಿಳಿದಿರಲಿಲ್ಲ. ಅದರ ಬಾಗಿಲು ತೆರೆದವರು ಇಬ್ಬರು ಅಮೆರಿಕನ್ ಪತ್ರಕರ್ತರು. ಒಬ್ಬರು ಚೀನಾದ ಕ್ರಾಂತಿಯ ಬಗ್ಗೆ ಬರೆದರು, ಇನ್ನೊಬ್ಬರು ಸಣ್ಣ ಊರುಗಳ ಬೇಸ್‌ಬಾಲ್ ಬಗ್ಗೆ ಬರೆದರು. ವಿಷಯಗಳು ಎಷ್ಟೇ ದೂರವಿದ್ದರೂ ಇಬ್ಬರ ಕಸುಬು ಒಂದೇ: ಸುದ್ದಿ ಇಲ್ಲವೆಂದು ಉಳಿದವರು ಬಿಟ್ಟ ಜಾಗಕ್ಕೆ ತಾವೇ ಹೋಗಿ, ಅಲ್ಲಿದ್ದವರ ಜೊತೆ ಕುಳಿತು ಕೇಳಿಸಿಕೊಳ್ಳುವುದು.

ಮೊದಲನೆಯವರು ಎಡ್ಗರ್ ಸ್ನೋ. ಅವರು 1905ರಲ್ಲಿ ನಮ್ಮ ಈ ಕಾನ್ಸಾಸ್ ಸಿಟಿಯಲ್ಲಿಯೇ ಹುಟ್ಟಿದವರು. ಅವರ ಕಾಗದಪತ್ರಗಳು ಇಲ್ಲಿನ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆಯೆಂದು ತಿಳಿದ ದಿನ, ನಿತ್ಯ ಓಡಾಡುವ ರಸ್ತೆಗಳೇ ನನಗೆ ಬೇರೆಯಾಗಿ ಕಂಡವು. 1928ರಲ್ಲಿ ಕೆಲವು ವಾರ ಇದ್ದು ಹೋಗೋಣವೆಂದು ಶಾಂಘೈನಲ್ಲಿ ಇಳಿದ ಸ್ನೋ ಹದಿಮೂರು ವರ್ಷ ಚೀನಾದಲ್ಲಿ ಉಳಿದರು. 1936ರ ಬೇಸಿಗೆಯಲ್ಲಿ ಅಂದು ಚೀನಾವನ್ನು ಆಳುತ್ತಿದ್ದ ಚಿಯಾಂಗ್ ಕೈ-ಶೇಕ್ ಸೈನ್ಯದ ದಿಗ್ಬಂಧನವನ್ನು ದಾಟಿ, ಶಾನ್‌ಶಿ ಪ್ರಾಂತದ ಬಾವೊಆನ್ ಎಂಬ ಬಡ ಊರನ್ನು ಮುಟ್ಟಿ, ಕಮ್ಯುನಿಸ್ಟರ ಕೆಂಪು ಸೈನ್ಯದೊಂದಿಗೆ ಸುಮಾರು ನಾಲ್ಕು ತಿಂಗಳು ಕಳೆದರು. 1937ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ರೆಡ್ ಸ್ಟಾರ್ ಓವರ್ ಚೈನಾ’ ಆ ಪ್ರಯಾಣದ ಫಲ.

ಆ ಪುಸ್ತಕದಲ್ಲಿ ನನ್ನ ಕಣ್ಣಿಗೆ ಕಟ್ಟಿದ್ದು ಯುದ್ಧದ ವಿವರಗಳಿಗಿಂತ ಕಮ್ಯುನಿಸ್ಟ್ ನಾಯಕ ಮಾವೊ ಅವರ ಮನೆ. ಯಾರ ತಲೆಗೆ ಎರಡೂವರೆ ಲಕ್ಷ ಬೆಳ್ಳಿ ಡಾಲರಿನ ಬಹುಮಾನ ಕಟ್ಟಲಾಗಿತ್ತೋ ಆ ಮನುಷ್ಯ ಗುಡ್ಡದ ಮಣ್ಣಿನಲ್ಲಿ ಕೊರೆದ ಎರಡು ಕೋಣೆಯ ಗುಹೆಯಲ್ಲಿದ್ದರು. ಗೋಡೆಯ ತುಂಬ ನಕಾಶೆಗಳು. ಇದ್ದ ಒಂದೇ ಭೋಗವಸ್ತುವೆಂದರೆ ಸೊಳ್ಳೆಪರದೆ. ಮಾವೊ ರಾತ್ರಿಗಳಲ್ಲಿ ತಮ್ಮ ಬಾಲ್ಯದ ಕಥೆ ಹೇಳುತ್ತಿದ್ದರು, ದುಭಾಷಿ ಅದನ್ನು ಇಂಗ್ಲಿಷಿಗೆ ತರುತ್ತಿದ್ದರು, ಸ್ನೋ ಬರೆದುಕೊಳ್ಳುತ್ತಿದ್ದರು. ಬರೆದದ್ದನ್ನು ಮತ್ತೆ ಚೀನಿ ಭಾಷೆಗೆ ತಿರುಗಿಸಿ ಮಾವೊ ಅವರಿಗೆ ತೋರಿಸಿ ತಿದ್ದಿಸಲಾಯಿತು. ಆ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಆದರೆ ಹೇಳಿದವನ ಕೈಯಲ್ಲೇ ತಿದ್ದಿಸಿಕೊಂಡ ಕಥೆಯಲ್ಲಿ ಏನೇನು ಬಿಟ್ಟುಹೋಗಿರಬಹುದು ಎಂಬ ಅನುಮಾನವೂ ಓದುವಾಗ ನನ್ನನ್ನು ಬಿಡಲಿಲ್ಲ.

ಆ ಅನುಮಾನಕ್ಕೆ ಕಾರಣವಿದೆ. 1960ರಲ್ಲಿ ಸ್ನೋ ಮತ್ತೆ ಚೀನಾಕ್ಕೆ ಹೋದಾಗ ಹಳ್ಳಿಗಾಡಿನಲ್ಲಿ ಕೋಟಿಗಟ್ಟಲೆ ಜನರನ್ನು ಬಲಿ ತೆಗೆದುಕೊಂಡ ಬರಗಾಲ ನಡೆಯುತ್ತಿತ್ತು. ಆತಿಥೇಯರು ತೋರಿಸಿದ್ದನ್ನು ಕಂಡುಬಂದ ಅವರು ಹಸಿವಿನಿಂದ ಸಾಯುವವರನ್ನು ತಾವು ಕಾಣಲಿಲ್ಲವೆಂದು ಬರೆದರು. ಹಿಂದೆ ಶತ್ರುಗಳ ಕಾವಲನ್ನು ದಾಟಿ ಹೋಗಿ ಸತ್ಯ ತಂದವರು ಈಗ ಗೆಳೆಯರ ಕಾವಲನ್ನು ದಾಟಲಾಗಲಿಲ್ಲ. ಸ್ನೋ ಅವರನ್ನು ಪ್ರೀತಿಯಿಂದ ಓದುವ ನನಗೆ ಇದು ಇಂದಿಗೂ ನೋಯುವ ಸಂಗತಿ. ಆದರೂ 1948ರ ಜನವರಿಯಲ್ಲಿ ಗಾಂಧೀಜಿಯವರ ಹತ್ಯೆಯಾದಾಗ ದೆಹಲಿಯಲ್ಲಿದ್ದು, ಆ ದುಃಖವನ್ನು ಅಮೆರಿಕದ ಓದುಗರಿಗೆ ಮುಟ್ಟಿಸಿದವರೂ ಇದೇ ಸ್ನೋ.

ಎರಡನೆಯವರು ಡೇವಿಡ್ ಲ್ಯಾಂಬ್. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಗಾಗಿ ಆಫ್ರಿಕಾ ಮತ್ತು ಅರಬ್ ದೇಶಗಳಿಂದ ವರ್ಷಗಟ್ಟಲೆ ವರದಿ ಮಾಡಿದ ಅವರು, ಸ್ವದೇಶಕ್ಕೆ ಮರಳಿದ ಮೇಲೆ ತಮ್ಮ ದೇಶವೇ ತಮಗೆ ಅಪರಿಚಿತವಾಗಿದೆಯೆಂದು ಕಂಡುಕೊಂಡರು. ಅದನ್ನು ಮತ್ತೆ ಅರಿಯಲು ವಾಸದ ವಾಹನವೊಂದನ್ನು ಹತ್ತಿ, ಒಂದು ಬೇಸಿಗೆಯಿಡೀ ಮೈನರ್ ಲೀಗ್, ಅಂದರೆ ಕಿರಿಯ ತಂಡಗಳ, ಬೇಸ್‌ಬಾಲ್ ನಡೆಯುವ ಊರೂರು ಅಲೆದರು. 1991ರ ‘ಸ್ಟೋಲನ್ ಸೀಸನ್’ ಹಾಗೆ ಹುಟ್ಟಿತು. ಟೆಕ್ಸಸ್ಸಿನ ಎಲ್ ಪಾಸೊ ಊರಿನಲ್ಲಿ ಒಂದು ಪದ್ಧತಿ ಇತ್ತು: ಊರ ತಂಡದ ಹುಡುಗ ಹೋಮ್ ರನ್ (ನಮ್ಮ ಸಿಕ್ಸರಿನಂಥ ಹೊಡೆತ) ಹೊಡೆದರೆ ಪ್ರೇಕ್ಷಕರು ತಂತಿಬಲೆಯ ಕಣ್ಣುಗಳಲ್ಲಿ ಡಾಲರ್ ನೋಟುಗಳನ್ನು ತೂರಿಸಿ ಹಿಡಿಯುತ್ತಿದ್ದರು, ಅವನು ಬಲೆಯುದ್ದಕ್ಕೂ ನಡೆದು ಅವನ್ನು ಆಯ್ದುಕೊಳ್ಳುತ್ತಿದ್ದ. ಸಂಬಳ ಸಾಲದ ಹುಡುಗನಿಗೆ ಆ ನೋಟುಗಳು ಊಟದ ಖರ್ಚು.

ಮೈನರ್ ಲೀಗನ್ನು ನಮ್ಮ ರಣಜಿ ಟ್ರೋಫಿಯಂತೆ ಎಂದುಕೊಂಡರೆ ತಪ್ಪಾಗುತ್ತದೆ. ಕರ್ನಾಟಕ ರಣಜಿ ಗೆದ್ದರೆ ಆ ಗೆಲುವು ಕರ್ನಾಟಕದ್ದೇ. ಇಲ್ಲಿನ ಕಿರಿಯ ತಂಡವಾದರೋ ದೊಡ್ಡ ತಂಡದ ಸಸಿಮಡಿ. ಮಿಸೌರಿಯದೇ ಆದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕಾಗಿ ಬ್ರಾಂಚ್ ರಿಕಿ ಎಂಬವರು 1920ರ ದಶಕದಲ್ಲಿ ಈ ವ್ಯವಸ್ಥೆಯನ್ನು ಕಟ್ಟಿ ಬೆಳೆಸಿದರು. ಈಗ ಮೂವತ್ತು ದೊಡ್ಡ ತಂಡಗಳಿಗೆ ನಾಲ್ಕು ಹಂತಗಳಲ್ಲಿ 120 ಕಿರಿಯ ತಂಡಗಳಿವೆ. ಸಸಿ ಚೆನ್ನಾಗಿ ಎದ್ದಿತೆಂದರೆ, ಪಂದ್ಯಾವಳಿ ಅರ್ಧದಲ್ಲಿದ್ದರೂ ಅದನ್ನು ಕಿತ್ತು ಮೇಲಿನ ಗದ್ದೆಗೆ ನಾಟಿ ಮಾಡುತ್ತಾರೆ. ತಂಡ ಸೋತರೂ ಊರಿನವರು ಅದನ್ನು ಸಹಿಸಬೇಕು.

ಈ ದುಡಿಮೆಗೆ ಸಿಗುತ್ತಿದ್ದ ಕೂಲಿ ನಾಚಿಕೆ ತರುವಂಥದ್ದಾಗಿತ್ತು. 2022ರವರೆಗೂ ನಾಲ್ಕರಲ್ಲಿ ಕೆಳಗಿನ ಹಂತದ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 11,000 ಡಾಲರ್, ಅತಿ ಮೇಲಿನ ಹಂತದವನದು 17,500 ಡಾಲರ್. ಆ ವರ್ಷ ಆಟಗಾರರು ಸಂಘ ಕಟ್ಟಿಕೊಂಡರು. 2023ರ ಒಪ್ಪಂದದಲ್ಲಿ ಅವು 26,200 ಮತ್ತು 35,800 ಡಾಲರಿಗೆ ಏರಿದವು. ಬಲೆಯಲ್ಲಿ ತೂರಿಸಿದ ನೋಟಿನ ಹಿಂದಿನ ಬಡತನ ಅಷ್ಟು ದೀರ್ಘಕಾಲ ನಡೆಯಿತು.

ಕಳೆದ ಬೇಸಿಗೆಯಲ್ಲಿ ಮಗನನ್ನು ಕರೆದುಕೊಂಡು ಮೂರು ಗಂಟೆ ಕಾರು ಓಡಿಸಿ ಒಮಾಹಾ ತಂಡದ ಪಂದ್ಯಕ್ಕೆ ಹೋದೆ. ಇದು ನಮ್ಮ ಕಾನ್ಸಾಸ್ ಸಿಟಿಯ ದೊಡ್ಡ ತಂಡವಾದ ರಾಯಲ್ಸ್‌ಗೆ ಏರುವ ಮುನ್ನದ ಕೊನೆಯ ಮೆಟ್ಟಿಲು. ನಮ್ಮ ಪಕ್ಕದಲ್ಲಿ ಸುಮಾರು ಎಂಬತ್ತು ವಯಸ್ಸಿನ ಅಜ್ಜಿಯೊಬ್ಬರು ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಪ್ರತಿ ಎಸೆತವನ್ನೂ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಬ್ಯಾಟು ಬೀಸಿಯೂ ಚೆಂಡು ತಾಗದೆ ಔಟಾದರೆ ‘ಕೆ’ ಅಕ್ಷರ, ಬೀಸದೆ ನಿಂತು ಔಟಾದರೆ ಅದೇ ಅಕ್ಷರ ತಿರುಗುಮುರುಗಾಗಿ, ಎಂದು ನನ್ನ ಮಗನಿಗೆ ಹೇಳಿಕೊಟ್ಟರು. ಹಿಂದೆ ಈ ಹುಡುಗರನ್ನು ಬೇಸಿಗೆಯಿಡೀ ತಮ್ಮ ಮನೆಯಲ್ಲಿ ಇರಿಸಿಕೊಳ್ಳುತ್ತಿದ್ದೆವೆಂದೂ, ಅವರಿಗೆ ಬೆಳಗಿನ ತಿಂಡಿಗೆ ಮೊಟ್ಟೆಯ ಲೆಕ್ಕ ಇಡುವುದೇ ಸಾಧ್ಯವಿರಲಿಲ್ಲವೆಂದೂ ಹೇಳಿದರು. ನಾನು ಕೇಳುತ್ತಾ ಹೋದೆ. ಸ್ನೋ ಮತ್ತು ಲ್ಯಾಂಬ್ ಅವರಿಂದ ಕಲಿತದ್ದು ಅಷ್ಟೇ.

ಆರನೆಯ ಇನ್ನಿಂಗ್ಸ್ ಶುರುವಾಗುವಾಗ, ಗಾಯವೇನೂ ಆಗದಿದ್ದ ಎಡಬದಿಯ ಫೀಲ್ಡರನನ್ನು ಹೊರಗೆ ಕೂರಿಸಿದರು. ಬೆಂಚಿನ ಮೇಲಿದ್ದ ಹುಡುಗರೆಲ್ಲ ಎದ್ದು ಒಬ್ಬೊಬ್ಬರಾಗಿ ಅವನನ್ನು ತಬ್ಬಿಕೊಂಡರು. ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ಆ ಕಡೆ ನೋಡಿ, “ಇವನಿಗೆ ಮೇಲಿನಿಂದ ಕರೆ ಬಂತು” ಎಂದರು. ಅವನ ಹೆಸರಿನ ಮುಂದೆ ಗೆರೆ ಎಳೆದು, ಕೆಳಗೆ ಬದಲಿ ಹುಡುಗನ ಹೆಸರನ್ನು ಅಷ್ಟೇ ಜತನದಿಂದ ಬರೆದುಕೊಂಡರು.