ಮೊದಲು ಕೇಳಬೇಕಿದ್ದದ್ದು ಅವರ ತೂಕ

ಬೆಂಗಳೂರಿನಲ್ಲಿ ಬೈಕ್‌ಗಳ ಸಸ್ಪೆನ್ಷನ್ ಹೊಂದಿಸಿಕೊಡುವುದು ನನ್ನ ಕೆಲಸ. ಡುಕಾಟಿ ಕಂಪನಿಯ ಸ್ಪೋರ್ಟ್ಸ್ ಬೈಕ್ ಪ್ಯಾನಿಗಾಲೆ ಕೊಳ್ಳಲು ಹೊರಟವರು ನನ್ನಲ್ಲಿ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಸಾದಾ ವಿ4 ಸಾಕೇ, ವಿ4 ಎಸ್ ಬೇಕೇ?

ಎರಡಕ್ಕೂ ಅದೇ 1,103 ಸಿಸಿ ಎಂಜಿನ್. ಸಾದಾ ವಿ4ರ ಸಸ್ಪೆನ್ಷನ್ ಎಂದರೆ ಮುಂದೆ ಶೋವಾ ಕಂಪನಿಯ ಫೋರ್ಕ್, ಹಿಂದೆ ಸ್ಯಾಕ್ಸ್ ಕಂಪನಿಯ ಶಾಕ್. ಇವನ್ನು ಕೈಯಿಂದ ತಿರುಗಿಸಿ ಹೊಂದಿಸಬೇಕು. ಎಸ್‌ಗೆ ಓಲಿನ್ಸ್ ಎಲೆಕ್ಟ್ರಾನಿಕ್ ಸಸ್ಪೆನ್ಷನ್, ಹಗುರವಾದ ಫೋರ್ಜ್ಡ್ ಚಕ್ರಗಳು, ಲಿಥಿಯಂ ಬ್ಯಾಟರಿ.

ಕೆಲವು ವರ್ಷಗಳ ಹಿಂದೆ ಒಬ್ಬ ಗ್ರಾಹಕರಿಗೆ, ‘ಎಸ್ ತೆಗೆದುಕೊಳ್ಳಿ ಸರ್, ಅದು ತಾನೇ ಹೊಂದಿಕೊಳ್ಳುತ್ತದೆ’ ಎಂದುಬಿಟ್ಟೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಎರಡು ಸಲ ಹೋಗಿಬಂದ ಅವರ ಮುಖ ಬಾಡಿತ್ತು. ತಿರುವಿನಿಂದ ಹೊರಬರುವಾಗ ಥ್ರಾಟಲ್ ಕೊಟ್ಟರೆ ಬೈಕ್ ಅಂಚಿನತ್ತ ಸರಿಯುತ್ತಿತ್ತಂತೆ. ಸಸ್ಪೆನ್ಷನ್‌ನ ಎಲ್ಲ ಮೋಡ್‌ಗಳನ್ನೂ ಬದಲಿಸಿ ನೋಡಿದ್ದರು.

ಲೆದರ್ ಸೂಟ್, ಹೆಲ್ಮೆಟ್ ಸೇರಿ ಅವರ ತೂಕ ನೂರು ಕಿಲೋ ದಾಟಿತ್ತು. ಅವರನ್ನು ಬೈಕ್ ಮೇಲೆ ಕೂರಿಸಿ ಅಳೆದೆ. ಟ್ರ್ಯಾಕ್‌ಗೆ 30ರಿಂದ 35 ಮಿ.ಮೀ. ಕುಸಿಯಬೇಕಾದ ಬೈಕಿನ ಹಿಂಭಾಗ 46 ಮಿ.ಮೀ. ಕುಸಿದಿತ್ತು. ಹಿಂದೆ ತಗ್ಗಿದರೆ ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ, ಬೈಕ್ ತಿರುಗಲು ಒಪ್ಪುವುದಿಲ್ಲ. ಆ ಎಲೆಕ್ಟ್ರಾನಿಕ್ಸ್ ನಿಯಂತ್ರಿಸುವುದು ಡ್ಯಾಂಪಿಂಗ್ ಅನ್ನು ಮಾತ್ರ, ಅಂದರೆ ಸ್ಪ್ರಿಂಗ್ ಎಷ್ಟು ಬೇಗ ಕುಗ್ಗಿ ಹಿಗ್ಗಬೇಕು ಎಂಬುದನ್ನು. ಸ್ಪ್ರಿಂಗ್‌ನ ಗಡಸುತನ ಯಾವ ಗುಂಡಿ ಒತ್ತಿದರೂ ಬದಲಾಗದು, ಸ್ಪ್ರಿಂಗ್ ಅನ್ನು ಮೊದಲೇ ಒತ್ತಿಡುವ ಪ್ರಿಲೋಡ್ ಅನ್ನೂ ಕೈಯಿಂದಲೇ ಬಿಗಿಯಬೇಕು. ಬಿಗಿದೆ. ಅಳತೆ ಸರಿಬಂತು, ಆದರೆ ಸವಾರ ಇಳಿದ ಮೇಲೆ ಬೈಕ್ ತನ್ನ ಭಾರಕ್ಕೆ ಸ್ವಲ್ಪವೂ ಕುಸಿಯಲಿಲ್ಲ. ಅಷ್ಟೊಂದು ಬಿಗಿಯಬೇಕಾಗಿ ಬಂತೆಂದರೆ ಸ್ಪ್ರಿಂಗ್ ಅವರ ತೂಕಕ್ಕೆ ತೀರಾ ಮೆದು ಎಂಬುದಕ್ಕೆ ಅದೇ ಗುರುತು. ಗಡಸು ಸ್ಪ್ರಿಂಗ್ ಹಾಕಿಕೊಟ್ಟು, ಕ್ಷಮೆ ಕೇಳಿ, ಕೂಲಿ ಬೇಡವೆಂದೆ.

ಎಸ್ ದಂಡ ಎನ್ನುತ್ತಿಲ್ಲ. ಮನೆಯಿಂದ ಅದೇ ಬೈಕ್ ಓಡಿಸಿಕೊಂಡು ಟ್ರ್ಯಾಕ್‌ಗೆ ಹೋಗಿ, ಅದರಲ್ಲೇ ಮರಳುವವರಿಗೆ ಅದು ನಿಜವಾದ ವರ: ಹೆದ್ದಾರಿಗೆ ಮೆದು, ಟ್ರ್ಯಾಕ್‌ಗೆ ಬಿಗಿ, ಮೋಡ್ ಬದಲಿಸಿದರಾಯಿತು. ಹಗುರ ಚಕ್ರಗಳಿಂದ ಬೈಕ್ ಎಡಬಲಕ್ಕೆ ಚುರುಕಾಗಿ ವಾಲುತ್ತದೆ. ಆ ಲಾಭ ಯಾವ ಹೊಂದಾಣಿಕೆಯಿಂದಲೂ ಸಿಗದು. ಭಾನುವಾರ ನಂದಿ ಬೆಟ್ಟಕ್ಕಷ್ಟೇ ಹೋಗುವವರಿಗೆ ನನ್ನ ಸಲಹೆ ಸಾದಾ ವಿ4.

ಕಳೆದ ತಿಂಗಳು ಬಂದ ಯುವತಿಯ ತೂಕ 52 ಕಿಲೋ. ಅವರಿಗೆ ಬೇಕಾದದ್ದು ಮೆದು ಸ್ಪ್ರಿಂಗ್. ಯಾವ ಮಾದರಿ ಎಂಬ ಮಾತು ನಾವು ಅದಾದ ಮೇಲೆ ಎತ್ತಿಕೊಂಡೆವು.