ಹಾರ್ಮೋನು ಮಾದರಿ: ಮೂರನೇ ವಾರ, ಪಂಪು ಹಾಳು

ಮೈಯಲ್ಲಿ ಹಾರ್ಮೋನು ಹೇಗೆ ಕೆಲಸ ಮಾಡುತ್ತದೆ ಅಂತ ಪಕ್ಕದ ಮನೆ ಹುಡುಗಿಗೆ ತೋರಿಸೋಣ ಅಂತ ಶುರು ಮಾಡಿದ ಕೆಲಸ ಇದು. ಮೊದಲ ವಾರ ಥರ್ಮಾಕೋಲ್ ಮೇಲೆ ವೈರು ಎಳೆದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಹತ್ತಿರ ಸ್ವಿಚ್ ಒತ್ತಿದರೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಹತ್ತಿರ ಬಲ್ಬು. ಚೆನ್ನಾಗಿಯೇ ಇತ್ತು, ಆದರೆ ತಪ್ಪು. ಹಾಗೆ ನೇರ ವೈರಿನಲ್ಲಿ ಸುದ್ದಿ ಮುಟ್ಟಿಸುವುದು ನರದ ಕೆಲಸ. ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ತನ್ನ ಹಾರ್ಮೋನು ಟಿಎಸ್‌ಎಚ್ ಅನ್ನು ಸುಮ್ನೆ ರಕ್ತಕ್ಕೆ ಬಿಡುತ್ತದೆ, ಅಷ್ಟೇ. ಅದು ಮೈಯೆಲ್ಲ ಸುತ್ತುತ್ತದೆ. ಅದಕ್ಕೆ ಹೊಂದುವ ರಿಸೆಪ್ಟರ್, ಅಂದರೆ ಅದನ್ನು ಹಿಡಿದುಕೊಳ್ಳುವ ಕೊಂಡಿ, ಥೈರಾಯ್ಡ್ ಜೀವಕೋಶಗಳ ಮೇಲಿದೆ, ಹಾಗಾಗಿ ಕೆಲಸ ಅಲ್ಲಿ ನಡೆಯುತ್ತದೆ.

ಎರಡನೇ ವಾರ ವೈರು ಕಿತ್ತು ಹಾಕಿದೆ. ಗಾರೆಯವರು ಲೆವೆಲ್ ನೋಡುವ ಪೈಪು, ಮೀನಿನ ತೊಟ್ಟಿಯ ಪಂಪು, ಲೇತ್ ಅಂಗಡಿಯಿಂದ ಒಂದು ಹಿಡಿ ಕಬ್ಬಿಣದ ಪುಡಿ. ಪಂಪು ಹೃದಯ, ನೀರು ರಕ್ತ, ಪುಡಿ ಹಾರ್ಮೋನು. ಥೈರಾಯ್ಡ್ ಜಾಗದಲ್ಲಿ ಮಾತ್ರ ಹಳೇ ಸ್ಪೀಕರಿನ ಅಯಸ್ಕಾಂತ. ಪುಡಿ ಎಲ್ಲ ಕಡೆ ಹರಿದು ಅಲ್ಲೊಂದೇ ಕಡೆ ಕಚ್ಚಿಕೊಳ್ಳಬೇಕು, ಅಲ್ವಾ?

ಕಚ್ಚಿಕೊಂಡಿತು, ಪಂಪಿಗೆ! ಅದರೊಳಗೆ ತಿರುಗುವುದೂ ಅಯಸ್ಕಾಂತವೇ ಅನ್ನುವುದು ನನ್ನ ತಲೆಗೆ ಹೋಗಿರಲಿಲ್ಲ. ಹೃದಯ ಗರ್ ಅಂದು ನಿಂತುಹೋಯಿತು. ಪುಡಿಗೆ ಗಾಬರಿಯಾದಾಗ ಏರುವ ಹಾರ್ಮೋನು ಅಡ್ರಿನಲಿನ್ ಅಂತ ಹೆಸರಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು, ಅದರ ರಿಸೆಪ್ಟರ್ ಹೃದಯದಲ್ಲೂ ಇವೆ.

ಈ ವಾರ ಪಂಪಿಲ್ಲ. ಮೇಲೊಂದು ಬಾಟಲಿ, ಕೆಳಗೊಂದು ಬಕೆಟ್, ಸುತ್ತು ಮುಗಿದ ಮೇಲೆ ನಾನೇ ಎತ್ತಿ ಸುರಿಯುತ್ತೇನೆ. ಈಗ ಪುಡಿ ಸರಿಯಾಗಿ ಕುತ್ತಿಗೆಯ ಹತ್ತಿರವೇ ಗುಡ್ಡೆ ಕಟ್ಟುತ್ತಿದೆ. ಹುಡುಗಿ ಐದು ನಿಮಿಷ ನೋಡಿ ಕೇಳಿದಳು: "ದೊಡ್ಡಪ್ಪ, ಇದು ಬಿಡೋದು ಯಾವಾಗ?"

ಸರಿಯಾದ ಜಾಗಕ್ಕೇ ಕೈ ಇಟ್ಟಳು. ನಿಜವಾದ ಹಾರ್ಮೋನು ಬಿಟ್ಟುಕೊಳ್ಳುತ್ತದೆ, ಕರಗಿಯೂ ಹೋಗುತ್ತದೆ. ರಕ್ತದಲ್ಲಿ ಅಡ್ರಿನಲಿನ್ ಅರ್ಧಕ್ಕಿಳಿಯಲು ಕೆಲವೇ ನಿಮಿಷ ಸಾಕು. ಟಿಎಸ್‌ಎಚ್‌ಗೆ ಸುಮಾರು 1 ಗಂಟೆ. ಥೈರಾಯ್ಡ್ ಬಿಡುವ ಥೈರಾಕ್ಸಿನ್‌ಗೆ ಹತ್ತಿರ ಹತ್ತಿರ 7 ದಿನ, ಯಾಕಂದರೆ ಅದರ ಬಹುಪಾಲು ರಕ್ತದ ಪ್ರೋಟೀನಿಗೆ ಅಂಟಿಕೊಂಡು ಓಡಾಡುತ್ತದೆ.

ನಿನ್ನೆ ದಾವಣಗೆರೆಯ ಬಿಸಿಲಲ್ಲೇ ಹೋಗಿ ಮೋಟರ್ ರಿವೈಂಡಿಂಗ್ ಅಂಗಡಿಯಿಂದ ತಾಮ್ರದ ತಂತಿ ತಂದೆ. ದಪ್ಪ ಮೊಳೆಗೆ ಸುತ್ತಿ ಬ್ಯಾಟರಿ ಕೊಟ್ಟರೆ ಹಿಡಿಯುತ್ತದೆ, ತೆಗೆದರೆ ಬಿಡುತ್ತದೆ. ಪೂರ್ತಿ ಅಲ್ಲ, ಚೂರು ಪುಡಿ ಉಳಿದೇ ಇರುತ್ತದೆ. ಮೊಳೆಯೂ ಜಾಸ್ತಿ ಬಿಸಿಯಾಗುತ್ತಿದೆ.

ಮುಂದಿನದು ಬಾಲ್‌ಕಾಕ್. ಟ್ಯಾಂಕು ತುಂಬಿದರೆ ಅದು ನೀರು ನಿಲ್ಲಿಸುತ್ತದಲ್ಲ, ಥೈರಾಕ್ಸಿನ್ ಹೆಚ್ಚಾದರೆ ಪಿಟ್ಯುಟರಿಯೂ ಹಾಗೆಯೇ ಟಿಎಸ್‌ಎಚ್ ಇಳಿಸುತ್ತದೆ. ಲೆವೆಲ್ ಪೈಪಿಗೆ ಹೊಂದುವಷ್ಟು ಚಿಕ್ಕದು ಇನ್ನೂ ಸಿಕ್ಕಿಲ್ಲ.